ಹೆಸರು ಹುಡುಕುವ ಇಪ್ಪತ್ತು ಸೆಕೆಂಡು

ಮರಳುಗಾಡಿನ ನಡುವಿನ ವಾಲ್ಪಜಾರ ಎಂಬ ಊರಿನ ಕಂಪ್ಯೂಟರಿಗೆ ಹೆಸರಿಟ್ಟ ದಿನ ಊರಿಗೆ ಊರೇ ನೆರೆದಿತ್ತು, ನಾಯಿಗಳ ಸಮೇತ. ಹಳೆಯ ಪಟಗಳನ್ನೂ ಟೇಪಿನಲ್ಲಿ ಹಿಡಿದಿಟ್ಟ ಹಿರಿಯರ ದನಿಗಳನ್ನೂ ಕಾಪಾಡಿಕೊಳ್ಳಲೆಂದು ಕ್ಲಿನಿಕ್ಕಿನ ಪಕ್ಕದ ತಗಡಿನ ಕೋಣೆಗೆ ಅದನ್ನು ತಂದಿದ್ದರು. ಅಡಿಲೇಡಿನಿಂದ ಎರಡು ದಿನ ಜೀಪಿನಲ್ಲಿ ಕೂತು ಬಂದಿದ್ದ ಸ್ಟಾವ್ರೂಲಾ ಎಂಬ ಗ್ರೀಕ್ ಹೆಂಗಸು ತಂತಿಗಳನ್ನೆಲ್ಲ ಸಿಕ್ಕಿಸಿ, ಬೆವರೊರೆಸಿಕೊಂಡು, "ಇದಕ್ಕೊಂದು ಹೆಸರು ಬೇಕು. ಹೆಸರು ಹೇಳದೆ ಇದು ಮುಂದಕ್ಕೆ ಹೋಗಲ್ಲ" ಎಂದಳು. ಕಸ ಗುಡಿಸಲು ಬಂದು ಬಾಗಿಲಲ್ಲೇ ನಿಂತಿದ್ದ ಡಲ್ಸಿ ಹಿಂದೆಮುಂದೆ ನೋಡದೆ ತನ್ನ ದೊಡ್ಡತ್ತೆಯ ಹೆಸರು ಹೇಳಿಬಿಟ್ಟಳು. ಯಾರೂ ಬೇಡವೆನ್ನಲಿಲ್ಲ. ಆ ಕೋಣೆಗೆ ಬಂದು ಸೇರಿದ್ದ ದನಿಗಳಲ್ಲಿ ಅರ್ಧಕ್ಕರ್ಧ ದೊಡ್ಡತ್ತೆಯದೇ.

"ಅಯ್ಯೋ, ನನ್ನ ಹೆಸರಿಟ್ರೆ ಅದು ಕೆಲಸ ಮಾಡುತ್ತೇನೇ?" ಎಂದು ದೊಡ್ಡತ್ತೆ ನೆಲದ ಮೇಲೆ ಕೂತಲ್ಲಿಂದಲೇ ಕೂಗಿದ್ದಳು. "ಊಟ ಆದಮೇಲೆ ಮಲಗಿಬಿಡುತ್ತೆ, ನೋಡ್ತಾ ಇರು!"

ಆ ಹೆಸರು ಯಾವುದೆಂದು ಈಗ ಹೇಳುವಂತಿಲ್ಲ. ಹತ್ತೊಂಬತ್ತು ವರ್ಷಗಳ ಮೇಲೆ, ಒಂದು ಚಳಿಗಾಲದ ಶುರುವಿನಲ್ಲಿ ದೊಡ್ಡತ್ತೆ ತೀರಿಕೊಂಡಳು. ಇಲ್ಲಿನ ಮೂಲನಿವಾಸಿಗಳಲ್ಲಿ ಹೋದವರ ಹೆಸರನ್ನು, ಮನೆಯವರು ಸಾಕು ಎನ್ನುವವರೆಗೂ, ಯಾರೂ ನಾಲಗೆಯ ಮೇಲೆ ತರುವುದಿಲ್ಲ. ಕುನ್ಮನಾರಾ ಎನ್ನುತ್ತಾರೆ. ಹೇಳಬಾರದ ಹೆಸರಿನ ಜಾಗದಲ್ಲಿ ಕೂರುವ ಮಾತು ಅದು. ಅದೇ ಹೆಸರಿನವರು ಇನ್ನಾರಾದರೂ ಊರಲ್ಲಿದ್ದರೆ ಅವರೂ ಕುನ್ಮನಾರಾ ಆಗಿಬಿಡುತ್ತಾರೆ.

ಡಲ್ಸಿಗೆ ತಾಯಿಯ ಮುಖ ನೆನಪಿಲ್ಲ. ಅಪ್ಪ ಸ್ಟೇಷನ್ನು ಎನ್ನುವ ದೊಡ್ಡ ದನದ ಫಾರ್ಮುಗಳಲ್ಲಿ ಕುದುರೆಯ ಮೇಲೆ ಅಲೆಯುತ್ತಿದ್ದವನು. ಅವಳನ್ನು ಬೆಳೆಸಿದ್ದು ಅಪ್ಪನ ಅಕ್ಕನಾದ ದೊಡ್ಡತ್ತೆಯೇ. ಡಲ್ಸಿ ಹದಿಮೂರಕ್ಕೆ ಶಾಲೆ ಬಿಟ್ಟಳು, ಇಪ್ಪತ್ತಕ್ಕೆ ಮದುವೆಯಾದಳು. ಗಂಡ ಫುಟ್ಬಾಲ್ ಪಂದ್ಯಕ್ಕೆಂದು ಬೇರೆ ಊರಿಗೆ ಹೋದವನು ಆ ಊರಿನ ತಂಡವೇ ಚೆನ್ನಾಗಿದೆ ಎಂದು ಅಲ್ಲೇ ಉಳಿದ. ಡಲ್ಸಿ ಶಾಲೆಯ ಕಸ ಗುಡಿಸುತ್ತ, ಸಂಜೆ ದೊಡ್ಡತ್ತೆಯ ಬೆಂಕಿಯ ಪಕ್ಕ ಕೂರುತ್ತ ಇದ್ದಳು. ಸ್ಟಾವ್ರೂಲಾ ಬಂದಮೇಲೆ ಕಸಬರಿಗೆ ಮೂಲೆ ಸೇರಿತು. ಮೌಸ್ ಎಂಬ ಇಲಿ ಹಿಡಿದು ಚಿತ್ರ ಒತ್ತುವ ಕೆಲಸ ಡಲ್ಸಿಗೆ ಹಿಡಿಸಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದರೆ ಕಂಪ್ಯೂಟರ್ ಒಂದು ಸಾಲು ಉತ್ತರ ಕೊಡುವುದು ಹಿಡಿಸಿತು. ಅದರಲ್ಲಿ ಮಾತುಕತೆಯ ಮರ್ಯಾದೆಯಿದೆ ಅನಿಸಿತು. ಸ್ಟಾವ್ರೂಲಾ ಹೇಳಿಕೊಟ್ಟ ಸಾಲುಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ ತನ್ನ ಭಾಷೆಯಲ್ಲಿ ಅರ್ಥ ಬರೆದಳು. ಎರಡು ವರ್ಷದಲ್ಲಿ ಆ ಕೋಣೆ ಅವಳದಾಯಿತು.

ದೊಡ್ಡತ್ತೆ ಹೋದ ದಿನ ಮನೆಯವರು ಆ ಮನೆ ಬಿಟ್ಟು ಊರಿನ ಇನ್ನೊಂದು ಬದಿಗೆ ಹೋದರು. ಅಂಗಳವನ್ನು ಸೊಪ್ಪಿನ ಕೊಂಬೆಗಳಿಂದ ಗುಡಿಸಿ, ಅವಳ ಹೆಜ್ಜೆ ಗುರುತೆಲ್ಲ ಅಳಿಸಿದರು. ಡಲ್ಸಿ ಮೂರು ದಿನ ಅತ್ತು, ನಾಲ್ಕನೆಯ ದಿನ ಕೋಣೆಯ ಬೀಗ ತೆಗೆದಳು. ದೊಡ್ಡತ್ತೆಯ ಪಟಗಳನ್ನೂ ದನಿಗಳನ್ನೂ ಒಂದೊಂದಾಗಿ ಕಂಪ್ಯೂಟರಿನೊಳಗಿನ ಮುಚ್ಚಿದ ಕಪಾಟಿಗೆ ಸರಿಸಿದಳು. ಅದು ಅವಳಿಗೆ ರೂಢಿಯ ಕೆಲಸ. ಆಮೇಲೆ ತಲೆಯೆತ್ತಿ ನೋಡಿದರೆ ಪರದೆಯ ಪ್ರತಿ ಸಾಲಿನ ಶುರುವಿನಲ್ಲೂ ಆ ಹೆಸರು ಮಿನುಗುತ್ತಿತ್ತು. ಇಪ್ಪತ್ತು ಸಾಲು, ಇಪ್ಪತ್ತು ಸಲ. ಡಲ್ಸಿ ಮುಖ ಮುಚ್ಚಿಕೊಂಡು ಹೊರಗೋಡಿ ಬಂದಳು.

ನೋಟುಪುಸ್ತಕದ ಕೊನೆಯ ಪುಟದಲ್ಲಿ ಹೆಸರು ಬದಲಿಸುವ ಸಾಲು ಇತ್ತು. ಪರದೆಯ ಮೇಲ್ಭಾಗಕ್ಕೆ ತಲೆಗೆ ಕಟ್ಟಿದ್ದ ಬಟ್ಟೆ ಇಳಿಬಿಟ್ಟು, ಕೆಳಗಿನ ಒಂದೇ ಸಾಲು ಕಾಣುವಂತೆ ಮಾಡಿಕೊಂಡು, ಕಂಪ್ಯೂಟರಿಗೆ ಕುರ್ಕಾರಾ ಎಂದು ಹೆಸರಿಟ್ಟಳು. ಊರಾಚೆ ಮರಳುದಿಬ್ಬದ ಮೇಲೆ ನಿಂತು ಗಾಳಿಗೆ ಸುಯ್ಯೆನ್ನುವ ಮರದ ಹೆಸರು ಅದು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಸಾಲಿನ ಶುರುವಿನಲ್ಲಿ ಮರ ಬಂದು ನಿಂತಿತು. ಉಸಿರು ಬಿಟ್ಟಳು.

ಅವತ್ತಿನಿಂದಲೇ ಕಂಪ್ಯೂಟರ್ ತಡವಾಗಿ ಮಾತಾಡತೊಡಗಿತು.

ಆ ಕೋಣೆಯ ದನಿಗಳು ಎಲ್ಲರೂ ಕೇಳುವಂಥವಲ್ಲ. ಕೆಲವು ಹೆಂಗಸರವು, ಕೆಲವು ಗಂಡಸರವು, ಕೆಲವು ಒಂದು ಮನೆಯವರವು ಮಾತ್ರ. ಹೀಗಾಗಿ ಪ್ರತಿ ಸಲ ಕಪಾಟು ತೆಗೆಯುವಾಗ ಡಲ್ಸಿ ತಾನು ಇಲ್ಲಿನ ಕಾವಲಿನವಳು ಎಂದು ಕಂಪ್ಯೂಟರಿಗೆ ಹೇಳಿ ಅಪ್ಪಣೆ ಪಡೆಯಬೇಕಿತ್ತು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಅಪ್ಪಣೆ ಸಿಗುತ್ತಿತ್ತು. ಈಗ ಸಾಲು ಬರೆದು ಒತ್ತಿದರೆ ಪರದೆ ಸುಮ್ಮನಾಗುತ್ತಿತ್ತು. ಹತ್ತು ಸೆಕೆಂಡು, ಹದಿನೈದು, ಇಪ್ಪತ್ತು. ಆಮೇಲೆ ಕುರ್ಕಾರಾ ಎಂಬ ಹೆಸರಿನವರು ಎಲ್ಲೂ ಸಿಗಲಿಲ್ಲ ಎಂದು ಗೊಣಗಿ, ಏನೂ ಆಗದವರಂತೆ ಹೇಳಿದ ಕೆಲಸ ಮಾಡುತ್ತಿತ್ತು.

"ಅದಕ್ಕೂ ದುಃಖ ಕಣೇ" ಎಂದರು ಪಟ ನೋಡಲು ಬಂದ ಮುದುಕಿಯರು. "ಬಿಡು, ಪಾಪ. ತಾನಾಗೇ ಸರಿಹೋಗುತ್ತೆ."

ಡಲ್ಸಿ ಬಿಟ್ಟಳು. ಬಿಡಲು ಅವಳಿಗೆ ಬೇರೆ ಕಾರಣವಿತ್ತು.

ಮೊದಲ ಸಲ ಪರದೆ ಸುಮ್ಮನಾದಾಗ ಅವಳ ಕೈ ತಾನಾಗಿ ಮಡಿಲಿಗೆ ಬಿತ್ತು, ಕಣ್ಣು ಕಿಟಕಿಯಾಚೆ ಹೋಯಿತು. ಅಲ್ಲಿ ಒಣ ಹೊಳೆಯ ಬಿಳಿ ಮರಗಳು, ಅವುಗಳ ನಡುವೆ ಬಿಸಿಲು. ಆ ಬಿಸಿಲಿನೊಳಗಿಂದ ದೊಡ್ಡತ್ತೆ ಬಂದಳು. ಮುದುಕಿಯಲ್ಲ, ಡಲ್ಸಿ ಆರು ವರ್ಷದವಳಾಗಿದ್ದಾಗಿನ ಅತ್ತೆ. ತಲೆಯ ಮೇಲೆ ಮರದ ತಟ್ಟೆ, ಕೈಯಲ್ಲಿ ಅಗೆಯುವ ಕೋಲು. ಹೊಳೆಯ ಮರಳಲ್ಲಿ ನೀರಿಗೆಂದು ಮೊಣಕೈವರೆಗೆ ಗುಂಡಿ ತೋಡಿ, ಅದರ ಅಂಚಿನಲ್ಲಿ ಇಬ್ಬರೂ ಬೋರಲು ಮಲಗಿದ್ದಾರೆ. ತಳದಲ್ಲಿ ಮರಳು ಮೊದಲು ಕಪ್ಪಾಗುತ್ತದೆ. ಆಮೇಲೆ ಮಿರಿಮಿರಿ ಮಿಂಚುತ್ತದೆ. "ಬಂತಾ ಅತ್ತೆ?" "ಬರುತ್ತೆ. ನೀನು ಹಾಗೆ ಬಿಟ್ಟ ಕಣ್ಣು ಬಿಟ್ಟಂಗೆ ನೋಡಿದ್ರೆ ಅದಕ್ಕೆ ನಾಚಿಕೆಯಾಗುತ್ತೆ. ಆಕಡೆ ನೋಡು."

ಕಂಪ್ಯೂಟರ್ ಗೊಣಗಿತು. ಡಲ್ಸಿ ಬೆಚ್ಚಿ ಪರದೆಯ ಕಡೆ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು.

ಅಲ್ಲಿಂದ ದಿನಕ್ಕೆ ಮೂವತ್ತು ನಲವತ್ತು ಸಲ ಹೀಗೆ. ಒಂದು ಸಲ ಅತ್ತೆ ಹುಲ್ಲಿನ ಬೀಜ ಕೇರುತ್ತಿದ್ದಳು. ಹೊಟ್ಟು ಅವಳ ರೆಪ್ಪೆಯ ಮೇಲೆ ಕೂತಿತ್ತು. ಇನ್ನೊಂದು ಸಲ ಅಂಗಡಿಯ ಕಟ್ಟೆಯ ಮೇಲೆ ಕೂತು ಯಾರದೋ ಹೊಸ ಅಳಿಯನ ನಡಿಗೆಯನ್ನು ಅಣಕಿಸುತ್ತಿದ್ದಳು. ಇನ್ನೊಂದು ಸಲ ಏನೂ ಮಾಡದೆ ಬೆನ್ನು ತೋರಿಸಿಕೊಂಡು ಮಲಗಿದ್ದಳು, ಕಂಬಳಿಯಿಂದ ಹೊಗೆಯ ವಾಸನೆ. ಮನೆಯಲ್ಲಿ, ಬೆಂಕಿಯ ಪಕ್ಕದಲ್ಲಿ, ನೆನೆಸಿಕೊಳ್ಳಬೇಕೆಂದು ಕೂತರೆ ಅವಳು ಬರುತ್ತಿರಲಿಲ್ಲ. ಈ ಕೋಣೆಯಲ್ಲಿ, ಇಷ್ಟು ಸಣ್ಣ ಬಿಡುವಿನಲ್ಲಿ, ಕರೆಯದೆ ಬರುತ್ತಿದ್ದಳು. ಸಂಜೆ ಬೀಗ ಹಾಕುವಾಗ ಡಲ್ಸಿ ದೂರ ನಡೆದು ಬಂದವಳ ಹಾಗೆ ದಣಿದಿರುತ್ತಿದ್ದಳು, ಮನಸ್ಸು ಮಾತ್ರ ಹಗುರ. ಕೆಲಸ ಹಿಂದೆ ಬಿತ್ತು. ಯಾರೂ ಬಯ್ಯಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಸದ್ದು ಶುರುವಾಯಿತು. ಟಕ್, ಟಕ್, ಕೊರ್. ಒಣ ಬೀಜವನ್ನು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ. ಡಲ್ಸಿಗೆ ಆ ಸದ್ದು ಗೊತ್ತಿತ್ತು. ದನಿಗಳನ್ನೆಲ್ಲ ತುಂಬಿಟ್ಟುಕೊಂಡ ಡಿಸ್ಕು ಸಾಯುವ ಮೊದಲು ಹಾಗೆ ಮಾಡುತ್ತದೆಂದು ನೋಟುಪುಸ್ತಕದಲ್ಲೇ ಬರೆದಿತ್ತು. ಮೇಜಿನ ಮೂಲೆಯಲ್ಲಿ ಹೊಸ ಡಿಸ್ಕು ಡಬ್ಬಿ ಒಡೆಯದೆ ಕೂತಿತ್ತು. ಅದನ್ನು ಸಿಕ್ಕಿಸಿ, ಎಲ್ಲವನ್ನೂ ನಕಲು ಮಾಡುವ ಸಾಲುಗಳನ್ನು ಓಡಿಸಿ, ಟೀ ಕುಡಿದು ಬಂದು ನೋಡಿದಳು. ಹತ್ತು ದನಿಗಳಷ್ಟೇ ಆಚೆ ಹೋಗಿದ್ದವು. ಒಂದೊಂದು ದನಿಗೂ ಮೂರು ಸಲ ಅಪ್ಪಣೆ: ತೆಗೆಯಲು, ನಕಲು ಮಾಡಲು, ಮುಚ್ಚಲು. ಒಂದೊಂದು ಅಪ್ಪಣೆಗೂ ಇಪ್ಪತ್ತು ಸೆಕೆಂಡು. ಒಟ್ಟು ನಾಲ್ಕು ಸಾವಿರದ ಮುನ್ನೂರು ದನಿ. ಹಲಗೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದರೆ ಮೂರು ದಿನ ಮೂರು ರಾತ್ರಿ ಬಂತು. ಡಿಸ್ಕು ಕೊರ್ ಎಂದಿತು. ಅದು ಮೂರು ದಿನ ಇರುವ ಸದ್ದಲ್ಲ.

ಆ ಮುಚ್ಚಿದ ಕಪಾಟಿನಲ್ಲಿ ದೊಡ್ಡತ್ತೆಯ ಎರಡು ಸಾವಿರ ದನಿಗಳಿದ್ದವು. ಈಗ ಕೇಳುವಂತಿಲ್ಲ, ನಿಜ. ಆದರೆ ಮುಂದೆ ಒಂದು ದಿನ ಕೇಳಬೇಕಾದವರಿದ್ದಾರೆ. ಡಲ್ಸಿಗೆ ಇಷ್ಟು ತಿಂಗಳು ತಾನು ಆ ಇಪ್ಪತ್ತು ಸೆಕೆಂಡುಗಳಲ್ಲಿ ಹಾಯಾಗಿ ಕೂತಿದ್ದೆ, ಏನೆಂದು ನೋಡಲೇ ಇಲ್ಲ ಅನಿಸಿತು.

ಕ್ಲಿನಿಕ್ಕಿನ ಫೋನಿನ ತಂತಿ ಗೋಡೆಯ ತೂತಿನಿಂದ ಈ ಕೋಣೆಗೂ ಬರುತ್ತಿತ್ತು. ಸ್ಟಾವ್ರೂಲಾ ಕೆಲಸ ಬಿಟ್ಟು ಏಳು ವರ್ಷವಾಗಿತ್ತು, ಕಣ್ಣು ಮಂಜಾಗಿತ್ತು. ಕ್ರಿಸ್ಮಸ್ಸಿಗೊಮ್ಮೆ ಮಾತಾಡುತ್ತಿದ್ದರು, ಅಷ್ಟೇ. ಡಲ್ಸಿ ಫೋನು ಮಾಡಿದಾಗ ನಾಲ್ಕನೆಯ ರಿಂಗಿಗೆ ಅವಳು ಎತ್ತಿಕೊಂಡಳು.

"ಡಲ್ಸಿ! ಕ್ರಿಸ್ಮಸ್ಸು ಇಷ್ಟು ಬೇಗ ಬಂತಾ?"

"ಡಿಸ್ಕು ಸಾಯ್ತಾ ಇದೆ ಸ್ಟಾವ್. ನಕಲು ಮಾಡೋಣ ಅಂದ್ರೆ ಕಂಪ್ಯೂಟರು ಪ್ರತಿಯೊಂದಕ್ಕೂ ಕನಸು ಕಾಣ್ತಾ ಕೂರುತ್ತೆ."

"ಕನಸು ಕಂಡು ಎದ್ದಮೇಲೆ ಏನಂತ ಹೇಳುತ್ತೆ?"

"ಕುರ್ಕಾರಾ ಅನ್ನೋರು ಸಿಗ್ಲಿಲ್ಲ ಅನ್ನುತ್ತೆ."

"ಕುರ್ಕಾರಾ ಯಾರು?"

"ಅದೇ. ಕಂಪ್ಯೂಟರೇ."

ಆ ಕಡೆ ಸ್ಟಾವ್ರೂಲಾ ನಕ್ಕಳು. "ತನ್ನನ್ನ ತಾನೇ ಹುಡುಕ್ತಾ ಇದೆಯಾ! ಹೆಸರು ಬದಲಾಯಿಸಿದ್ದೀಯ ನೀನು."

"ಹೂಂ. ಚಳಿ ಶುರುವಾದಾಗ."

"ಒಂದೇ ಕಡೆ ಬದಲಾಯಿಸಿದ್ದೀಯ ಕಣೇ. ಅದರೊಳಗೆ ಒಂದು ಪಟ್ಟಿ ಇದೆ, ಯಾವ ಹೆಸರು ಯಾವ ಮನೇಲಿರುತ್ತೆ ಅಂತ. ಮೊದಲು ಅಲ್ಲಿ ನೋಡುತ್ತೆ. ಅಲ್ಲಿ ಸಿಗದಿದ್ರೆ ಹೊರಗೆ ಕೇಳುತ್ತೆ. ಹೊರಗೆ ಅಂದ್ರೆ ನಮ್ಮ ಹಳೇ ಆಫೀಸು, ನಾನೇ ಆ ವಿಳಾಸ ಬರೆದಿಟ್ಟಿದ್ದು. ಆ ಆಫೀಸು ಮುಚ್ಚಿ ಎಷ್ಟು ಕಾಲ ಆಯ್ತು! ಯಾರೂ ಇಲ್ಲದ ಮನೆ ಬಾಗಿಲು ತಟ್ಟುತ್ತೆ, ಕಾಯುತ್ತೆ, ಮತ್ತೆ ತಟ್ಟುತ್ತೆ. ಸುಸ್ತಾದಮೇಲೆ ನಿನ್ನ ಕೆಲಸಕ್ಕೆ ಬರುತ್ತೆ."

"ಮೊದಲು ಯಾಕೆ ತಟ್ತಿರ್ಲಿಲ್ಲ?"

"ಮೊದಲು ಹೆಸರು ಮನೇಲೇ ಸಿಗ್ತಿತ್ತಲ್ಲ. ಪಟ್ಟಿ ತೆಗಿ. ಬರೀ ಓದೋದಕ್ಕೆ ಅಪ್ಪಣೆ ಬೇಡ. ಒಂದೊಂದೇ ಸಾಲು ನನಗೆ ಓದಿ ಹೇಳು."

ಡಲ್ಸಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಪಟ್ಟಿ ತೆಗೆದಳು. ಮೊದಲ ಸಾಲು ಓದಿದಳು. ಎರಡನೆಯ ಸಾಲು ಕಂಡಳು. ಬಾಯಿ ಮುಚ್ಚಿತು.

"ಹೂಂ, ಮುಂದೆ?"

ಡಲ್ಸಿ ಅಂಗೈಯಿಂದ ಆ ಸಾಲನ್ನು ಮುಚ್ಚಿದಳು.

"ಡಲ್ಸಿ? ಲೈನು ಹೋಯ್ತಾ?"

"ಎರಡನೇ ಸಾಲು ಓದೋಕಾಗಲ್ಲ ಸ್ಟಾವ್."

"ಅಕ್ಷರ ಕೆಟ್ಟಿದೆಯಾ?"

"ಅಕ್ಷರ ಚೆನ್ನಾಗಿದೆ. ಹೇಳೋ ಹಾಗಿಲ್ಲ."

ಸ್ಟಾವ್ರೂಲಾ ಹನ್ನೆರಡು ಬೇಸಿಗೆ ಈ ಊರಲ್ಲಿ ಕಳೆದವಳು. ಹೇಳೋ ಹಾಗಿಲ್ಲ ಅಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಯಂತ್ರಕ್ಕೆ ಯಾರ ಹೆಸರಿತ್ತೆಂಬುದೂ ಗೊತ್ತಿತ್ತು, ತನ್ನ ಬೆರಳಿಂದಲೇ ಬರೆದದ್ದು.

"ನನ್ನ ಸಕ್ಕರೆ ಡಬ್ಬಿ ಖಾಲಿ ಮಾಡ್ತಿದ್ದೋಳಾ?" ಎಂದು ಕೇಳಿದಳು. ದನಿ ಸಣ್ಣಗಾಗಿತ್ತು.

"ಹೂಂ. ಅವಳೇ."

"ನನಗ್ಯಾಕೆ ಹೇಳಲಿಲ್ಲ ಡಲ್ಸಿ?"

"ಹೇಳೋಣ ಅಂತ ಎರಡು ಸಲ ಫೋನ್ ಎತ್ತಿದೆ. ಹೆಸರಿಲ್ಲದೆ ಹೇಗೆ ಶುರುಮಾಡೋದು ಗೊತ್ತಾಗ್ಲಿಲ್ಲ. ಇಟ್ಟುಬಿಟ್ಟೆ."

ಸ್ಟಾವ್ರೂಲಾ ಅಳುವುದು ತಂತಿಯಲ್ಲಿ ಮಳೆ ಸದ್ದಿನ ಹಾಗೆ ಕೇಳಿಸಿತು. ಡಲ್ಸಿಯೂ ಅತ್ತಳು. ಟಕ್, ಟಕ್ ಎಂದು ಡಿಸ್ಕು ನೆನಪಿಸುತ್ತಲೇ ಇತ್ತು. ಕೊನೆಗೆ ಸ್ಟಾವ್ರೂಲಾ ಮೂಗೊರೆಸಿಕೊಂಡು, "ಓದಬೇಡ. ಆ ಸಾಲಿನಲ್ಲಿ ಹೆಸರಿರೋ ಜಾಗದಲ್ಲಿ ನಿನ್ನ ಮರದ ಹೆಸರು ಬರಿ. ಒಂದೇ ಮಾತು. ಅಷ್ಟೇ ಸಾಕು" ಎಂದಳು.

ಅಷ್ಟೇ ಸಾಕಿತ್ತು. ಆದರೂ ಡಲ್ಸಿಯ ಬೆರಳು ಏಳಲಿಲ್ಲ. ಹೆಸರು ಹೇಳದಿರುವುದು ಬೇರೆ, ಕೈಯಾರೆ ಅಳಿಸುವುದು ಬೇರೆ. ಅದು ತನ್ನೊಬ್ಬಳ ಹಕ್ಕಲ್ಲ ಅನಿಸಿತು. ಫೋನಿಟ್ಟು ಎದ್ದು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಕೆಂಪು ಮಣ್ಣಿನ ದಾರಿಯಲ್ಲಿ ಚಿಕ್ಕತ್ತೆ ಪ್ಯಾನ್ಸಿಯನ್ನು ಹುಡುಕಿಕೊಂಡು ಹೋದಳು. ದೊಡ್ಡತ್ತೆಯ ಒಡಹುಟ್ಟಿದವರಲ್ಲಿ ಉಳಿದವಳು ಅವಳೊಬ್ಬಳೇ. ಮರದ ನೆರಳಲ್ಲಿ ಕೂತು ನಾಯಿಯ ಕಿವಿಯಿಂದ ಉಣ್ಣಿ ಹುಳ ಕೀಳುತ್ತಿದ್ದಳು.

ಡಲ್ಸಿ ನಡೆದದ್ದೆಲ್ಲ ಹೇಳಿದಳು. ಪ್ಯಾನ್ಸಿ ಹುಳವನ್ನು ಕಲ್ಲಿನ ಮೇಲೆ ಒರೆಸಿ ಕೇಳಿದಳು: "ಅಂದ್ರೆ ಇಷ್ಟು ದಿನ ಅವಳು ಆ ಡಬ್ಬದೊಳಗೇ ಕೂತಿದ್ಲಾ?"

"ಹೆಸರು ಮಾತ್ರ ಚಿಕ್ಕತ್ತೆ."

"ಅದಕ್ಕೇ ಮತ್ತೆ ಅಷ್ಟು ನಿಧಾನ. ಅವಳೂ ಹಾಗೇ ತಾನೆ. ಒಂದು ಮಾತು ಕೇಳಿದ್ರೆ ಟೀ ಮುಗಿಯೋ ತನಕ ಉತ್ತರ ಇಲ್ಲ. ಮದುವೆ ಆಗ್ತೀಯೇನೇ ಅಂತ ಕೇಳಿದ್ದಕ್ಕೆ ಆ ಪುಣ್ಯಾತ್ಮನ್ನ ಎರಡು ಮಳೆಗಾಲ ಕಾಯಿಸಿದ್ಲು." ನಗುತ್ತಲೇ ಕಣ್ಣೊರೆಸಿಕೊಂಡಳು. ಕೈ ಚಾಚಿದಳು. "ಎಬ್ಬಿಸು ನನ್ನ. ಒಬ್ಬಳೇ ಮಾಡ್ಬೇಡ, ನಾನೂ ಬರ್ತೀನಿ."

ಇಬ್ಬರೂ ಕೋಣೆಗೆ ಬಂದರು, ಹಿಂದೆ ಮೂರು ನಾಯಿ. ಪ್ಯಾನ್ಸಿ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ಪಟ್ಟಿ ತಿದ್ದಲು ಅಪ್ಪಣೆ ಬೇಕಿತ್ತು. ಡಲ್ಸಿ ಸಾಲು ಬರೆದು ಒತ್ತಿದಳು. ಪರದೆ ಸುಮ್ಮನಾಯಿತು.

"ಈಗೇನು?" ಎಂದಳು ಪ್ಯಾನ್ಸಿ.

"ಈಗ ತಟ್ಟುತ್ತಾ ಇದೆ."

ಪ್ಯಾನ್ಸಿ ಕಿವಿಗೊಟ್ಟಳು, ಕೇಳಿಸುತ್ತದೇನೋ ಎಂಬಂತೆ. ಕಿಟಕಿಯಿಂದ ಬಂದ ಬಿಸಿಲಿನ ಪಟ್ಟಿಯಲ್ಲಿ ಧೂಳು ಮೆಲ್ಲಗೆ ಮೇಲೇರುತ್ತಿತ್ತು. ದೂರದಲ್ಲಿ ಯಾರೋ ಕೊಡಲಿಯಿಂದ ಸೌದೆ ಒಡೆಯುತ್ತಿದ್ದರು, ಹೊಡೆತ ಕಂಡಮೇಲೆ ಸದ್ದು ಬರುತ್ತಿತ್ತು. ಡಲ್ಸಿ ಹೊಳೆಯ ಕಡೆ ನೋಡಿದಳು. ಈ ಸಲ ಯಾರೂ ಬರಲಿಲ್ಲ. ಬಿಳಿ ಮರಗಳಿದ್ದವು, ನೆರಳಿತ್ತು. ಅವಳ ಕಾಲಿನ ಮೇಲೆ ಚಿಕ್ಕತ್ತೆಯ ಒರಟು ಅಂಗೈ ಬಂದು ಕೂತಿತು. ಆ ಬೆಚ್ಚಗಿನ ಭಾರ ಅಲ್ಲೇ ಇತ್ತು, ಇಪ್ಪತ್ತು ಸೆಕೆಂಡೂ.

ಪಟ್ಟಿ ತೆರೆಯಿತು. ಡಲ್ಸಿ ಕಣ್ಣು ಕಿರಿದು ಮಾಡಿಕೊಂಡು, ಅಕ್ಷರಗಳನ್ನು ಓದದೆ ಎಣಿಸುತ್ತ, ಒಂದೊಂದಾಗಿ ಅಳಿಸಿದಳು. ಪ್ಯಾನ್ಸಿ ತಗ್ಗಿದ ದನಿಯಲ್ಲಿ ಅಕ್ಕನಿಗೆ ಏನೋ ಹೇಳಿಕೊಂಡಳು. ಖಾಲಿಯಾದ ಜಾಗದಲ್ಲಿ ಡಲ್ಸಿ ಕುರ್ಕಾರಾ ಎಂದು ಬರೆದು ಪಟ್ಟಿ ಮುಚ್ಚಿದಳು. ಸರಿಹೋಯಿತೇ ನೋಡಲು ಮತ್ತೊಂದು ಅಪ್ಪಣೆ ಕೇಳಿದಳು. ಬೆರಳು ಮೇಲೇಳುವ ಮೊದಲೇ ಉತ್ತರ ಬಂದಿತ್ತು.

"ಅಷ್ಟೇನಾ?" ಎಂದಳು ಪ್ಯಾನ್ಸಿ.

"ಅಷ್ಟೇ."

ನಕಲು ಮತ್ತೆ ಶುರುವಾಯಿತು. ದನಿಗಳು ಸಾಲುಸಾಲಾಗಿ ಓಡಿ ಹೊಸ ಡಿಸ್ಕು ಸೇರತೊಡಗಿದವು. ಪ್ಯಾನ್ಸಿ ಅಲ್ಲೇ ನಾಯಿಗೆ ಒರಗಿ ನಿದ್ದೆ ಹೋದಳು. ಬಿಸಿಲು ಬಾಗಿಲ ಹೊಸ್ತಿಲಿಂದ ಆಚೆ ಸರಿಯುವಷ್ಟರಲ್ಲಿ ನಾಲ್ಕು ಸಾವಿರದ ಮುನ್ನೂರೂ ದಾಟಿದ್ದವು. ಮೂರನೆಯ ದಿನ ಬೆಳಿಗ್ಗೆ ಹಳೆಯ ಡಿಸ್ಕು ಒಮ್ಮೆ ಕೊರೆದು ನಿಂತಿತು, ಮತ್ತೆ ತಿರುಗಲಿಲ್ಲ. ಡಲ್ಸಿ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊಳೆದಂಡೆಯಲ್ಲಿ ಹೂತಳು. ಡಿಸ್ಕನ್ನು ಹೂಳುವುದು ಎಲ್ಲೂ ಇಲ್ಲದ ಪದ್ಧತಿ ಎಂದು ಕ್ಲಿನಿಕ್ಕಿನ ನರ್ಸು ನಕ್ಕಾಗ, "ಈಗ ಇಲ್ಲಿದೆ" ಎಂದಳು.

ನೋಟುಪುಸ್ತಕದಲ್ಲಿ ಹೆಸರು ಬದಲಿಸುವ ಸಾಲಿನ ಕೆಳಗೆ ಅವಳು ಇನ್ನೊಂದು ಸಾಲು ಸೇರಿಸಿದಳು: ಎರಡು ಕಡೆ ಬದಲಿಸಬೇಕು. ಅಕ್ಕಪಕ್ಕದ ಊರುಗಳ ಇಂಥದೇ ಕೋಣೆಗಳಿಂದ ಅವಳಿಗೆ ಆಗಾಗ ಫೋನು ಬರುತ್ತದೆ. ಕಂಪ್ಯೂಟರು ಉತ್ತರ ಕೊಡೋಕೆ ತಡ ಮಾಡ್ತಿದೆ ಎಂದು ಯಾರಾದರೂ ಅಂದರೆ, ಡಲ್ಸಿ ಮೊದಲು ಕೇಳುವುದು, "ನಿಮ್ಮಲ್ಲಿ ಯಾರು ಹೋದ್ರು?" ಎಂದು. ಸ್ವಲ್ಪ ಹೊತ್ತು ಅದನ್ನೇ ಮಾತಾಡುತ್ತಾರೆ. ಪಟ್ಟಿಯ ಮಾತು ಆಮೇಲೆ.

ಬಿಸಿಲು ಏರಿ ನೊಣ ಶುರುವಾದ ತಿಂಗಳಲ್ಲಿ ಸ್ಟಾವ್ರೂಲಾ ಬಂದಳು. ಸಣ್ಣ ವಿಮಾನದ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದಳು, ಕಪ್ಪು ಬಟ್ಟೆ, ಎದೆಗವಚಿಕೊಂಡ ಒಂದು ಡಬ್ಬಿ. ಡಲ್ಸಿ ಅವಳ ಮೊಣಕೈ ಹಿಡಿದು ನೆಟ್ಟಗೆ ಮನೆಯವರು ಕೂತಲ್ಲಿಗೆ ಕರೆದುಕೊಂಡು ಹೋದಳು. ತಡವಾಗಿ ಬಂದವರು ಮೊದಲು ಅಳಬೇಕು. ಪ್ಯಾನ್ಸಿ ನೆಲದಿಂದಲೇ ತೋಳು ಚಾಚಿದಳು, ಸ್ಟಾವ್ರೂಲಾ ಮರಳಿಗೆ ಕುಸಿದಳು, ಇಬ್ಬರೂ ತಲೆಗೆ ತಲೆ ಹಚ್ಚಿಕೊಂಡು ದನಿಯೆತ್ತಿ ಅತ್ತರು. ಸುತ್ತಲಿನ ಹೆಂಗಸರೂ ದನಿಗೂಡಿಸಿದರು.

ಅಳು ಮುಗಿದಮೇಲೆ ಸ್ಟಾವ್ರೂಲಾ ಡಬ್ಬಿ ತೆರೆದಳು. ಬೇಯಿಸಿದ ಗೋಧಿ, ಸಕ್ಕರೆ, ದಾಳಿಂಬೆ. "ನಮ್ಮಲ್ಲಿ ಹೋದವರಿಗೆ ಇದು ಮಾಡ್ತೀವಿ. ಚರ್ಚಲ್ಲಿ ಅವರ ಹೆಸರು ಗಟ್ಟಿಯಾಗಿ ಓದಿಸಿ, ಆಮೇಲೆ ಎಲ್ಲರೂ ತಿಂತೀವಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಓದಿಸಲಿಲ್ಲ," ಎಂದಳು ಸ್ಟಾವ್ರೂಲಾ ಬೇಗ. "ಪಾದ್ರಿ ಹೆಸರೇನು ಅಂತ ಕೇಳಿದ್ರು. ಹೇಳಲ್ಲ ಅಂದೆ. ಹೆಸರಿಲ್ಲದೆ ದೇವರಿಗೆ ಹೇಗಮ್ಮಾ ಗೊತ್ತಾಗಬೇಕು ಅಂದ್ರು. ಗೊತ್ತಾಗುತ್ತೆ, ನೀವು ದೀಪ ಹಚ್ಚಿ ಅಂದೆ."

ಪ್ಯಾನ್ಸಿ ಒಂದು ಹಿಡಿ ಬಾಯಿಗೆ ಹಾಕಿ ಬಹಳ ಹೊತ್ತು ಅಗಿದಳು. "ನಮ್ಮ ಹುಲ್ಲಿನ ಬೀಜದ ಥರಾನೇ ಇದೆ," ಎಂದಳು. "ಸಕ್ಕರೆ ಮಾತ್ರ ಕಮ್ಮಿ." ಎಲ್ಲರೂ ನಕ್ಕರು. ಡಬ್ಬಿ ಕೈಯಿಂದ ಕೈಗೆ ಹೋಯಿತು, ಟೀ ಕುದಿಯಿತು. ಸ್ಟಾವ್ರೂಲಾ ಪಯಣದ ದಣಿವಿಗೆ ಕಂಬಳಿಯ ಮೇಲೆ ಅಡ್ಡಾಗಿ, ಮಾತಿನ ನಡುವೆಯೇ ನಿದ್ದೆಗೆ ಜಾರಿದಳು. ಡಲ್ಸಿ ಒಂದು ಸೊಪ್ಪಿನ ಕೊಂಬೆ ಮುರಿದುಕೊಂಡು ಪಕ್ಕದಲ್ಲಿ ಕೂತು, ಅವಳ ಮುಖದ ಮೇಲೆ ನೊಣ ಕೂರದಂತೆ ಮೆಲ್ಲಗೆ ಬೀಸುತ್ತಿದ್ದಳು.